ನಡೆಯುವ ವೇಗದಲ್ಲಿ ಹೋದರೂ "ನಿಧಾನ ನಿಧಾನ" ಅಂತ ಬೈಸಿಕೊಂಡೆ: ಇಂಗ್ಲೆಂಡಿನ ಕಾಲುವೆಗಳ ಕಥೆ

[ದೃಶ್ಯ: ಕಾಲುವೆಯ ದಂಡೆಗೆ ಕಟ್ಟಿದ ಉದ್ದನೆಯ ಬೋಟ್. ಕಿಟಕಿಯಲ್ಲಿ ಕೈಬರಹದ ಬೋರ್ಡ್.]

ನಮಸ್ಕಾರ. ಈ ಬೋರ್ಡ್ ನೋಡಿ. "ದಯವಿಟ್ಟು ನಿಧಾನವಾಗಿ ಹೋಗಿ" ಅಂತ ಬರೆದಿದೆ. ಇದು ಶಾಲೆಯ ಮುಂದಿನ ಬೋರ್ಡ್ ಅಲ್ಲ. ಇಂಗ್ಲೆಂಡಿನ ಒಂದು ಕಾಲುವೆಯಲ್ಲಿ ಕಟ್ಟಿಹಾಕಿದ ಬೋಟಿನ ಕಿಟಕಿಯಲ್ಲಿದೆ. ಅಲ್ಲಿ ಹೆಚ್ಚಿನ ಕಾಲುವೆಗಳಲ್ಲಿ ವೇಗದ ಮಿತಿ ಎಷ್ಟು ಗೊತ್ತಾ? ಗಂಟೆಗೆ 4 ಮೈಲಿ. ಸುಮಾರು ಆರೂವರೆ ಕಿಲೋಮೀಟರ್. ದಂಡೆಯ ಮೇಲೆ ನಾಯಿ ಹಿಡಿದುಕೊಂಡು ಹೊರಟ ಅಜ್ಜಿ ಸ್ವಲ್ಪ ಬಿರುಸಾಗಿ ಹೆಜ್ಜೆ ಹಾಕಿದರೆ ನಮ್ಮನ್ನು ಹಿಂದೆ ಹಾಕುತ್ತಾರೆ.

ಹೋದ ವರ್ಷ ನಾನು ಅಲ್ಲಿ ಒಂದು ವಾರ ಬಾಡಿಗೆ ಬೋಟ್ ಓಡಿಸಿದೆ. ಮೊದಲ ದಿನ ಮಧ್ಯಾಹ್ನವೇ ಬೈಸಿಕೊಂಡೆ. ದಂಡೆಗೆ ಕಟ್ಟಿದ್ದ ಒಂದು ಬೋಟ್ ದಾಟಿ ಹತ್ತು ಮಾರು ಹೋಗಿರಲಿಲ್ಲ, ಒಳಗಿಂದ ಒಬ್ಬರು ಟೀ ಮಗ್ ಹಿಡಿದು ಹೊರಗೆ ಬಂದರು. ಮೊದಲು "ಸಾರಿ" ಅಂದರು, ಆಮೇಲೆ ಬೈದರು. ಇಂಗ್ಲೆಂಡಿನಲ್ಲಿ ಬೈಗುಳಕ್ಕೂ ಒಂದು ಪೀಠಿಕೆ ಇರುತ್ತದೆ. ಅವರ ಮಗ್‌ನಲ್ಲಿ ಅರ್ಧ ಟೀ ಮಾತ್ರ ಇತ್ತು. ಉಳಿದರ್ಧ ಅಂಗಿಯ ಮೇಲಿತ್ತು.

ನಡೆಯುವ ವೇಗದಲ್ಲಿ ಹೋದ ನಾನು ಇನ್ನೊಬ್ಬರ ಟೀ ಚೆಲ್ಲಿದ್ದು ಹೇಗೆ? ಇದನ್ನು ಹುಡುಕುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಈ ಬೋಟಿನವರ ನಡುವೆ ನೂರೆಂಟು ಕಟ್ಟುಪಾಡುಗಳಿವೆ. ಮೇಲಿಂದ ನೋಡಿದರೆ ಎಲ್ಲಾ ಶಿಷ್ಟಾಚಾರದ ಹಾಗೆ ಕಾಣುತ್ತವೆ. ಕೆಳಗೆ ಇಣುಕಿದರೆ ಹೆಚ್ಚಿನವು ಸುಮ್ನೆ ನೀರಿನ ಲೆಕ್ಕ.

[ದೃಶ್ಯ: ನಕಾಶೆ]

ಹಿನ್ನೆಲೆ ಬೇಗ ಮುಗಿಸಿಬಿಡುತ್ತೇನೆ. 1761ರಲ್ಲಿ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ಕಾಲುವೆ ಶುರುವಾಯಿತು. ಆಮೇಲೆ ದೇಶದ ತುಂಬಾ ಕಾಲುವೆ ತೋಡಿದರು. ರೈಲು ಬಂತು, ಲಾರಿ ಬಂತು, ಸರಕು ಹೋಯಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಕಾಲುವೆ ಮತ್ತು ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನೋಡಿಕೊಳ್ಳುತ್ತದೆ. 2012ರಿಂದ. ರಜೆಗೆ ಬರುವವರು ಇದ್ದಾರೆ, ಬೋಟಿನಲ್ಲೇ ಸಂಸಾರ ಮಾಡುವವರೂ ಇದ್ದಾರೆ. ಓಡಾಡುವುದು ಹೆಚ್ಚಾಗಿ ನ್ಯಾರೋಬೋಟ್‌ನಲ್ಲಿ. ಅಗಲ 6 ಅಡಿ 10 ಇಂಚು. ಉದ್ದ 70 ಅಡಿಯವರೆಗೂ ಇರಬಹುದು. ರೈಲಿನ ಬೋಗಿಯನ್ನು ಎರಡೂ ಕಡೆಯಿಂದ ಹಿಂಡಿದರೆ ಹೇಗಿರುತ್ತದೋ ಹಾಗೆ. ಸರಿ, ಟೀ ವಿಷಯಕ್ಕೆ ಬರೋಣ.

[ದೃಶ್ಯ: ಬಕೆಟ್ ಮತ್ತು ಚೊಂಬು]

ಬಕೆಟ್ ನೀರಿಗೆ ಒಂದು ದೊಡ್ಡ ಚೊಂಬನ್ನು ಬೋರಲಾಗದ ಹಾಗೆ ನೇರವಾಗಿ ಒತ್ತಿ. ನೀರು ಪಕ್ಕದ ಸಂದಿಯಲ್ಲಿ ಸರ್ರನೆ ಮೇಲೆ ನುಗ್ಗುತ್ತದೆ. ಅದೇ ಚೊಂಬನ್ನು ಕೆರೆಯಲ್ಲಿ ಒತ್ತಿದರೆ ಏನೂ ಆದ ಹಾಗೆ ಕಾಣುವುದಿಲ್ಲ. ಬೋಟ್ ಅಂದರೆ ಅಡ್ಡಕ್ಕೆ ಓಡುವ ಚೊಂಬು. ಅದು ಮುಂದೆ ಹೋದಷ್ಟೂ ಎದುರಿನ ನೀರು ಪಕ್ಕದ ಸಂದಿಯಿಂದ ಹಿಂದಕ್ಕೆ ಹೋಗಿ, ಬೋಟ್ ಬಿಟ್ಟುಹೋದ ಜಾಗ ತುಂಬಬೇಕು. ನದಿಯಲ್ಲಿ ಜಾಗ ಬೇಕಾದಷ್ಟಿದೆ. ಕಾಲುವೆಯಲ್ಲಿ ಇಲ್ಲ. ಹಾಗಾಗಿ ನೀರು ಆ ಕಿರಿದಾದ ಸಂದಿಯಲ್ಲಿ ರಭಸವಾಗಿ ಹಿಂದಕ್ಕೆ ಓಡುತ್ತದೆ, ಬೋಟಿನ ಪಕ್ಕದಲ್ಲಿ ನೀರಿನ ಮಟ್ಟವೇ ಇಳಿದುಬಿಡುತ್ತದೆ. ದಂಡೆಯಲ್ಲಿ ಕಟ್ಟಿದ ಬೋಟ್ ಆ ತಗ್ಗಿನ ಕಡೆಗೆ ಎಳೆದುಕೊಂಡು ಬರುತ್ತದೆ. ನೀವು ದಾಟಿದ ಮೇಲೆ ವಾಪಸ್ ತಳ್ಳಿಸಿಕೊಳ್ಳುತ್ತದೆ.

ಅಲೆ ಎದ್ದರೆ ಮಾತ್ರ ತೊಂದರೆ ಅಂತ ನಾನು ಅಂದುಕೊಂಡಿದ್ದೆ. ನನ್ನ ಹಿಂದೆ ಅಲೆಯೇ ಇರಲಿಲ್ಲ! ಆದರೆ ಅಲೆ ಕಾಣದೆಯೂ ಈ ಎಳೆತ ಇರುತ್ತದೆ. 57 ಅಡಿಯ ಉಕ್ಕಿನ ನ್ಯಾರೋಬೋಟ್ ಹತ್ತಿರ ಹತ್ತಿರ 18 ಟನ್ ತೂಗುತ್ತದೆ. ಅದನ್ನು ಹಿಡಿದಿರುವುದು ಏನು? ಎಷ್ಟೋ ಕಡೆ ಹುಲ್ಲಿನ ನೆಲಕ್ಕೆ ಸುತ್ತಿಗೆಯಿಂದ ಹೊಡೆದ ಎರಡು ಕಬ್ಬಿಣದ ಗೂಟ. ಮಳೆ ಬಂದು ಮಣ್ಣು ಮೆತ್ತಗಾಗಿದ್ದರೆ ಗೂಟ ಕಿತ್ತುಕೊಂಡು ಬರುತ್ತದೆ. ಒಳಗೆ ಯಾರೋ ಕುದಿಯುವ ನೀರು ಬಗ್ಗಿಸುತ್ತಿರಬಹುದು. ಟೀ ಅಂಗಿಯ ಮೇಲೆ ಬಿದ್ದದ್ದಕ್ಕೇ ನಾನು ಪುಣ್ಯವಂತ.

ಅದಕ್ಕೇ ಅಲ್ಲಿನ ವಾಡಿಕೆ: ಕಟ್ಟಿದ ಬೋಟ್ ಕಂಡರೆ ಎಂಜಿನ್ ಟಿಕ್‌ಓವರ್‌ಗೆ ಇಳಿಸಿ. ಅಂದರೆ ಸುಮ್ನೆ ಗುರ್ ಅನ್ನುವಷ್ಟು. ಅದೂ ಪಕ್ಕಕ್ಕೆ ಬಂದ ಮೇಲೆ ಅಲ್ಲ, ಸಾಕಷ್ಟು ಮೊದಲೇ. 18 ಟನ್ನಿಗೆ ಬ್ರೇಕ್ ಇಲ್ಲ, ಅದರ ಜೊತೆ ಹೊರಟ ನೀರಿಗೂ ಇಲ್ಲ. ನಾನು ಮಾಡಿದ್ದು ಇದೇ ತಪ್ಪು. ಕಿಟಕಿಯ ಬೋರ್ಡ್ ಓದಲು ಆಗುವಷ್ಟು ಹತ್ತಿರ ಬಂದ ಮೇಲೆ ನಿಧಾನ ಮಾಡಿದೆ.

ಒಂದು ಮಾತು ಅವರಿಗೂ ಸೇರಬೇಕು. ಹಗ್ಗ ಸಡಿಲವಾಗಿ ಕಟ್ಟಿದರೆ ಬೋಟ್ ಹಿಂದೆ ಮುಂದೆ ಓಡಾಡಿ ಜೋರಾಗಿ ಜಗ್ಗುತ್ತದೆ. ಸರಿಯಾಗಿ ಬಿಗಿದು ಕಟ್ಟದೆ ಹೋಗಿಬರುವವರಿಗೆಲ್ಲಾ ಬೈಯುವವರೂ ಇದ್ದಾರೆ. ನಂಗೆ ಬೈದವರ ಹಗ್ಗ ಹೇಗಿತ್ತು ಅಂತ ಆಗ ನೋಡಲಿಲ್ಲ. ಈಗ ಅನುಮಾನ ಬರುತ್ತಿದೆ.

ಇನ್ನೊಂದು ತಮಾಷೆ. ಆಳ ಕಡಿಮೆ ಇರುವ ಕಡೆ ಎಂಜಿನ್ ಜೋರು ಮಾಡಿದರೆ ಬೋಟಿನ ಹಿಂಭಾಗ ಕುಸಿದು ಕೂರುತ್ತದೆ. ಸದ್ದು ಜಾಸ್ತಿ, ಡೀಸೆಲ್ ಜಾಸ್ತಿ, ವೇಗ ಮಾತ್ರ ಅಷ್ಟೇ. ಕೆಲವು ಸಲ ಎಂಜಿನ್ ಇಳಿಸಿದರೇ ಬೋಟ್ ಹಗುರಾಗಿ ಓಡುತ್ತದೆ.

[ದೃಶ್ಯ: ಲಾಕ್, ಗೇಟುಗಳು]

ಈಗ ಲಾಕ್. ನಾನು ಈ ವಿಡಿಯೋ ಮಾಡಿದ್ದೇ ಇದಕ್ಕಾಗಿ. ಕಾಲುವೆ ಗುಡ್ಡ ಹತ್ತಬೇಕಾದಾಗ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ಕಲ್ಲಿನ ತೊಟ್ಟಿ, ಎರಡು ಕಡೆ ಗೇಟ್. ಇದೇ ಲಾಕ್. ಗೇಟಿನ ಬಳಿ ಪ್ಯಾಡಲ್ ಎಂಬ ಸಣ್ಣ ತೂಬು. ಮೇಲಿನ ತೂಬು ತೆಗೆದರೆ ತೊಟ್ಟಿ ತುಂಬಿ ಬೋಟ್ ಏರುತ್ತದೆ. ಕೆಳಗಿನ ತೂಬು ತೆಗೆದರೆ ಖಾಲಿಯಾಗಿ ಇಳಿಯುತ್ತದೆ. ಕರೆಂಟ್ ಇಲ್ಲ, ಪಂಪ್ ಇಲ್ಲ. ವಿಂಡ್‌ಲಾಸ್ ಅನ್ನುವ ಮೊಣಕೈ ಆಕಾರದ ಕಬ್ಬಿಣದ ಹಿಡಿಯಲ್ಲಿ ನಾವೇ ತಿರುಗಿಸಬೇಕು.

ಒಂದು ಸಂದರ್ಭ ಹೇಳುತ್ತೇನೆ. ನೀವು ಕೆಳಗಿನಿಂದ ಬಂದಿದ್ದೀರಿ. ಲಾಕ್ ತುಂಬಿದೆ, ಹಾಗಾಗಿ ಒಳಗೆ ಹೋಗಲು ಆಗುವುದಿಲ್ಲ. ಮೇಲ್ಗಡೆ ಸ್ವಲ್ಪ ದೂರದಲ್ಲಿ ಇನ್ನೊಂದು ಬೋಟ್ ಬರುತ್ತಿದೆ. ಲಾಕ್ ಹತ್ತಿರ ಮೊದಲು ಬಂದವರು ನೀವು. ನೀರು ಖಾಲಿ ಮಾಡಿಕೊಂಡು ನುಗ್ಗಬಹುದು, ಅಲ್ವಾ?

ನುಗ್ಗಬಾರದು. ತುಂಬಿದ ಲಾಕ್ ಮೇಲಿನಿಂದ ಬರುವವರಿಗೆ ಸಿದ್ಧವಾಗಿದೆ. ಅವರೇ ಮೊದಲು. ಅವರ ಎದುರೇ ಖಾಲಿ ಮಾಡಿದರೆ "ಲಾಕ್ ಕದ್ದರು" ಅನ್ನುತ್ತಾರೆ. ಕದಿಯುವುದು ಅಂತಲೇ ಪದ! ಲಿಫ್ಟ್ ನಿಮ್ಮ ಮಹಡಿಗೆ ಬಂದು ಬಾಗಿಲು ತೆರೆದಿದೆ, ನೀವು ಒಳಗೆ ಕಾಲಿಡುವಷ್ಟರಲ್ಲಿ ಕೆಳಗಿನವನು ಖಾಲಿ ಲಿಫ್ಟನ್ನು ಇಳಿಸಿಕೊಂಡ ಹಾಗೆ.

ಆದರೆ ಇದು ಬರೀ ಸಿಟ್ಟಿನ ವಿಷಯ ಅಲ್ಲ. ಪೆನ್ನು ತೆಗೆದುಕೊಳ್ಳಿ. ಒಂದು ಕಿರಿದಾದ ಲಾಕ್, ಉದ್ದ ಸುಮಾರು 22 ಮೀಟರ್, ಅಗಲ ಎರಡು ಮೀಟರಿಗಿಂತ ಚೂರು ಜಾಸ್ತಿ, ಏರು ಎರಡೂವರೆ ಮೀಟರ್ ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಒಂದು ಸಲ ಖಾಲಿ ಮಾಡಿದರೆ ಅಷ್ಟು ನೀರು ಕೆಳಗೆ ಹೋಯಿತು. ಪಂಪ್ ಇಲ್ಲದಿದ್ದರೆ ಅದು ಮೇಲಕ್ಕೆ ವಾಪಸ್ ಬರುವುದಿಲ್ಲ.

ಈಗ 10 ಬೋಟ್ ಸಾಲಾಗಿ ಇಳಿಯುತ್ತವೆ ಅನ್ನಿ. ಪ್ರತಿ ಬೋಟಿಗೂ ಮತ್ತೆ ತುಂಬಬೇಕು. 10 ಲಾಕ್ ನೀರು ಖರ್ಚು. ಅದೇ 10 ಬೋಟ್, ಆದರೆ ಒಂದು ಇಳಿದರೆ ಒಂದು ಏರುತ್ತದೆ. ಇಳಿದ ಬೋಟ್ ಲಾಕನ್ನು ಖಾಲಿ ಬಿಟ್ಟು ಹೋಗುತ್ತದೆ, ಏರುವವರಿಗೆ ಬೇಕಾದದ್ದೂ ಖಾಲಿ ಲಾಕೇ. ಏರಿದ ಬೋಟ್ ತುಂಬಿಸಿಟ್ಟು ಹೋಗುತ್ತದೆ, ಇಳಿಯುವವರಿಗೆ ಬೇಕಾದದ್ದು ಅದೇ. ಎಷ್ಟು ಖರ್ಚು? 5 ಲಾಕ್ ನೀರು. ಸರಿ ಅರ್ಧ!

ನನಗೆ ಇದು ಎಷ್ಟು ಇಷ್ಟವಾಯಿತು ಅಂದರೆ, ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣ ಇಟ್ಟುಕೊಂಡು ಮೂರು ಸಲ ಲೆಕ್ಕ ಹಾಕಿದೆ. ಐದು ನಿಮಿಷ ಕಾಯ್ದರೆ ಒಂದು ಲಕ್ಷ ಲೀಟರ್ ಉಳಿಯುತ್ತದೆ. "ನೀವು ಮೊದಲು ಹೋಗಿ" ಅನ್ನುವ ಮಾತಿಗೆ ಇಷ್ಟು ನಿಖರವಾದ ಬೆಲೆ ಬೇರೆ ಎಲ್ಲೂ ನೋಡಿಲ್ಲ. ನೀರಿನ ಬೆಲೆ ಅಲ್ಲಿ ಸುಮ್ನೆ ಮಾತಲ್ಲ. ಈ ಕಾಲುವೆಗಳಿಗೆ ಮೇಲಿನ ಜಲಾಶಯಗಳಿಂದ ನೀರು ಬರಬೇಕು. 2025ರಲ್ಲಿ ಮಳೆ ಕೈಕೊಟ್ಟಾಗ ಲೀಡ್ಸ್ ಅಂಡ್ ಲಿವರ್‌ಪೂಲ್ ಕಾಲುವೆಯ ಎಷ್ಟೋ ಲಾಕುಗಳನ್ನು ಮುಚ್ಚಬೇಕಾಯಿತು.

ಅಗಲದ ಲಾಕುಗಳಲ್ಲಿ ಇದೇ ಲೆಕ್ಕ ಇನ್ನೊಂದು ರೂಪ ತಾಳುತ್ತದೆ. ಅಲ್ಲಿ ಎರಡು ನ್ಯಾರೋಬೋಟ್ ಪಕ್ಕಪಕ್ಕ ಹಿಡಿಯುತ್ತವೆ. ಹಾಗಾಗಿ ಒಬ್ಬರೇ ಹೋಗುವ ಮೊದಲು ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ತಿರುಗಿ ನೋಡಬೇಕು. ಡಿವೈಜಸ್ ಊರಿನ ಹತ್ತಿರ ಕೇನ್ ಹಿಲ್ ಅಂತ ಇದೆ, ಸಾಲಾಗಿ 29 ಲಾಕ್. ದಾಟಲು ಅರ್ಧ ದಿನಕ್ಕಿಂತ ಕಡಿಮೆ ಬೇಡ. ಬೆಳಿಗ್ಗೆ ಪರಿಚಯವೇ ಇಲ್ಲದವರು ಜೊತೆಯಾದರೆ, ಕೊನೆಯ ಗೇಟ್ ಹೊತ್ತಿಗೆ ಅವರ ಮಗಳ ಮದುವೆ, ಮೊಣಕಾಲಿನ ಆಪರೇಷನ್ ಎಲ್ಲಾ ಗೊತ್ತಾಗಿರುತ್ತದೆ.

[ದೃಶ್ಯ: ಪ್ಯಾಡಲ್ ತಿರುಗಿಸುವ ಕೈ]

ಸಹಾಯ ಮಾಡುವುದಕ್ಕೂ ಕೇಳಬೇಕು. ಇದು ನಮಗೆ ವಿಚಿತ್ರ ಅನ್ನಿಸಬಹುದು. ಯಾರೋ ಒದ್ದಾಡುತ್ತಿದ್ದರೆ ನಾವು ಹೋಗಿ ಕೈ ಹಾಕಿಬಿಡುತ್ತೇವೆ. ಅಲ್ಲಿ ಇನ್ನೊಬ್ಬರ ಲಾಕಿನ ಪ್ಯಾಡಲ್ ಮುಟ್ಟುವ ಮೊದಲು ಚುಕ್ಕಾಣಿ ಹಿಡಿದವರ ಮುಖ ನೋಡಿ, ಅವರು ತಲೆ ಆಡಿಸಿದ ಮೇಲೆ ಮಾತ್ರ ತಿರುಗಿಸಬೇಕು. ಏರುವಾಗ ಒಮ್ಮೆಲೇ ಪೂರ್ತಿ ತೆಗೆದರೆ ನೀರು ನುಗ್ಗಿ ಬೋಟನ್ನು ಗೇಟಿಗೆ ಬಡಿಯುತ್ತದೆ.

ಇಳಿಯುವಾಗ ಇನ್ನೂ ಅಪಾಯ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಅಂತ ಒಂದು ಕಲ್ಲಿನ ಅಂಚು ಇದೆ. ಲಾಕ್ ತುಂಬಿದ್ದಾಗ ಕಾಣುವುದಿಲ್ಲ, ಗೋಡೆಯ ಮೇಲಿನ ಬಿಳಿ ಗೆರೆಯೊಂದೇ ಗುರುತು. ಬೋಟಿನ ಹಿಂಭಾಗ ಆ ಅಂಚಿನ ಮೇಲೆ ಸಿಕ್ಕಿಕೊಂಡರೆ ಮುಂಭಾಗ ಮಾತ್ರ ನೀರಿನ ಜೊತೆ ಇಳಿಯುತ್ತದೆ. ಕೆಲವೇ ನಿಮಿಷದಲ್ಲಿ ಬೋಟ್ ಮುಳುಗಿದ ಉದಾಹರಣೆಗಳಿವೆ. ಆಗ ಪೀಠಿಕೆ, ಸಾರಿ ಏನೂ ಬೇಡ. ಯಾರಾದರೂ ಕಿರುಚಬಹುದು, ಯಾರಾದರೂ ಓಡಿ ಕೆಳಗಿನ ಪ್ಯಾಡಲ್ ಮುಚ್ಚಬಹುದು. ಆದ್ದರಿಂದ ಲಾಕ್ ಪಕ್ಕ ಹರಟೆ ಹೊಡೆಯುವವರ ಕಣ್ಣು ಯಾವಾಗಲೂ ಬೋಟಿನ ಮೇಲೇ ಇರುತ್ತದೆ. ಮಾತಾಡುವಾಗ ಮುಖ ನೋಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಹೊರಟ ಮೇಲೆ ಗೇಟ್, ಪ್ಯಾಡಲ್ ಎಲ್ಲಾ ಮುಚ್ಚಿ ಹೋಗಬೇಕು. ಎದುರಿನಿಂದ ಬೋಟ್ ಬರುತ್ತಿದ್ದರೆ ಮಾತ್ರ ಗೇಟ್ ತೆರೆದಿಟ್ಟು ಕೈ ಬೀಸಿದರೆ ಸಾಕು. ಪ್ಯಾಡಲ್ ಅರ್ಧ ತೆರೆದು ಮರೆತರೆ ಎರಡು ಲಾಕುಗಳ ನಡುವಿನ ನೀರು ರಾತ್ರಿ ಪೂರ್ತಿ ಸೋರುತ್ತದೆ. ತೇಲುತ್ತಾ ಮಲಗಿದವರು ಬೆಳಿಗ್ಗೆ ಕೆಸರಿನಲ್ಲಿ, ಓರೆಯಾಗಿ ಏಳುತ್ತಾರೆ.

[ದೃಶ್ಯ: ಸೇತುವೆಯ ಅಂಚಿನ ಕಬ್ಬಿಣದಲ್ಲಿ ಆಳವಾದ ಗೀರುಗಳು]

ಇದನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಈ ಗೀರು ಹಗ್ಗದ್ದು. ಮೊದಲು ಬೋಟ್ ಎಳೆಯುತ್ತಿದ್ದದ್ದು ಕುದುರೆ, ದಂಡೆಯ ಮೇಲಿನ ದಾರಿಯಲ್ಲಿ. ಮರಳು ಮೆತ್ತಿದ ಒದ್ದೆ ಹಗ್ಗ ವರ್ಷಾನುಗಟ್ಟಲೆ ಉಜ್ಜಿ ಕಬ್ಬಿಣವನ್ನೇ ಕೊರೆದಿದೆ. ಈಗ ಪ್ರಶ್ನೆ: ದಾರಿ ಒಂದೇ ಕಡೆ, ಎದುರುಬದುರು ಎರಡು ಬೋಟ್ ಬಂದರೆ ಹಗ್ಗಕ್ಕೆ ಹಗ್ಗ ಸಿಕ್ಕಿಕೊಳ್ಳುವುದಿಲ್ಲವಾ? ಒಬ್ಬರು ಕುದುರೆ ನಿಲ್ಲಿಸುತ್ತಿದ್ದರು. ಬೋಟ್ ಬಂದ ವೇಗದಲ್ಲೇ ಸ್ವಲ್ಪ ಮುಂದೆ ತೇಲುತ್ತಿತ್ತು, ಹಗ್ಗ ಸಡಿಲವಾಗಿ ತಳಕ್ಕೆ ಮುಳುಗುತ್ತಿತ್ತು. ಇನ್ನೊಂದು ಕುದುರೆ ಅದನ್ನು ದಾಟಿ ನಡೆಯುತ್ತಿತ್ತು, ಅದರ ಬೋಟ್ ಹಗ್ಗದ ಮೇಲೇ ತೇಲಿ ಹೋಗುತ್ತಿತ್ತು. ಯಾರು ಹಗ್ಗ ಬಿಡಬೇಕು ಅನ್ನುವುದಕ್ಕೆ ಜಗಳವೂ ಆಗುತ್ತಿತ್ತು ಅನ್ನಿ. ಹಗಲು ರಾತ್ರಿ ಓಡುವ, ಫ್ಲೈ ಬೋಟ್ ಅನ್ನುವ ಎಕ್ಸ್‌ಪ್ರೆಸ್ ಬೋಟುಗಳಿಗೆ ಮಾತ್ರ ಉಳಿದವರು ದಾರಿ ಬಿಡಬೇಕಿತ್ತು.

ಟೈಮ್ ನೋಡಿಕೊಂಡೆ, ಕುದುರೆಯಿಂದ ಹಾಳಾಯಿತು. ಉಳಿದದ್ದು ಒಂದೇ ಉಸಿರಿನಲ್ಲಿ. ಲಾಕ್ ಮುಂದಿನ ಕಟ್ಟೆಯಲ್ಲಿ, ನೀರು ತುಂಬಿಸುವ ನಲ್ಲಿಯ ಹತ್ತಿರ, ಬೋಟ್ ತಿರುಗಿಸುವ ಜಾಗದಲ್ಲಿ ಕಟ್ಟಿಹಾಕಿಕೊಂಡು ಕೂರಬಾರದು. ಇಬ್ಬರ ನಡುವೆ ಅರ್ಧ ಬೋಟಿನಷ್ಟು ಜಾಗ ಬಿಟ್ಟು ಕಟ್ಟಿದರೆ ಮೂರನೆಯವರ ಶಾಪ ತಟ್ಟುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ನಿಂತ ಬೋಟಿನಲ್ಲಿ ಎಂಜಿನ್, ಜನರೇಟರ್ ಬೇಡ. ಮೀನು ಹಿಡಿಯುವವರು ಕಂಡರೆ ನಡು ಕಾಲುವೆಯಲ್ಲೇ ಮೆಲ್ಲಗೆ ಸಾಗಿ. ಲಾಕ್ ಪಕ್ಕ ಸುಮ್ನೆ ನಿಂತು ನೋಡುವವರಿಗೆ ಅಲ್ಲಿ "ಗಾಂಗೂಜ್ಲರ್" ಅನ್ನುತ್ತಾರೆ, "ಚಳಿಗಾಲದಲ್ಲಿ ಚಳಿ ಆಗುವುದಿಲ್ಲವಾ?" ಅಂತ ಅವರು ಕೇಳಿಯೇ ಕೇಳುತ್ತಾರೆ, ಮೊದಲ ಸಲ ಕೇಳಿದ ಹಾಗೆ ಉತ್ತರ ಕೊಡಿ.

ಎದುರು ಬೋಟ್ ಬಂದರೆ ಬಲಕ್ಕೆ ಸರಿಯಿರಿ, ನಮ್ಮ ರಸ್ತೆಯ ಹಾಗೆ ಎಡಕ್ಕಲ್ಲ. ಹಾರ್ನ್‌ಗೂ ಭಾಷೆ ಇದೆ. ಕಾಣದ ತಿರುವಿನಲ್ಲಿ ಒಂದು ಉದ್ದ. ಚಿಕ್ಕದು ಒಂದಾದರೆ ಬಲಕ್ಕೆ ಹೋಗುತ್ತಿದ್ದೇನೆ, ಎರಡಾದರೆ ಎಡಕ್ಕೆ. ಮೂರಾದರೆ, ನಿಲ್ಲಿಸಲು ಪಾಡು ಪಡುತ್ತಿದ್ದೇನೆ ಅಥವಾ ಹಿಂದಕ್ಕೆ ಹೋಗುತ್ತಿದ್ದೇನೆ ಅಂತ.

ಆ ವಾರ ಪೂರ್ತಿ ನಾನು ಒತ್ತಿದ್ದು ಮೂರೇ.