‘ಹಿಂಡಬೇಡಿ’ ಸುಂದರ: ಹಳೇ ಬಟ್ಟೆಯ ಅಣಕು ರ‍್ಯಾಂಪ್ ಶೋ

ನಾವು ಮಾಡಿದ ಅಣಕು ಸೌಂದರ್ಯ ಸ್ಪರ್ಧೆಯ ವಿಡಿಯೋ ಇದು. ಈಗ ನಡ್ಕೊಂಡು ಬರ್ತಿರೋಳು ನಮ್ಮ ಮೊದಲನೇ ಸ್ಪರ್ಧಿ. ಎದೆ ಮೇಲಿನ ಪಟ್ಟಿ ಓದಿ: ‘ತಣ್ಣೀರಲ್ಲಿ ಮಾತ್ರ ಒಗೆಯಿರಿ’. ಹಿಂದೆ ಬರ್ತಿರೋನು ‘ಹಿಂಡಬೇಡಿ’. ಅವನ ಹಿಂದೆ, ಕತ್ತು ನೆಟ್ಟಗೆ ಮಾಡ್ಕೊಂಡು, ‘ಕಡಿಮೆ ಶಾಖದಲ್ಲಿ ಇಸ್ತ್ರಿ’. ಸೌಂದರ್ಯ ಸ್ಪರ್ಧೆಯಲ್ಲಿ ದೇಶದ ಹೆಸರು ಬರೆಯೋ ಜಾಗದಲ್ಲಿ ನಾವು ಬಟ್ಟೆ ಒಳಗಿನ ಲೇಬಲ್ಲಿನ ಮಾತು ಬರೆದ್ವಿ. ಎಲ್ಲರ ಮೈಮೇಲೂ ಸೆಕೆಂಡ್ ಹ್ಯಾಂಡ್ ಬಟ್ಟೆ. ನಿಯಮ ಒಂದೇ: ಬಟ್ಟೆ ಮೈಗೆ ಹಿಡಿಸದಿದ್ರೆ ತಪ್ಪು ಮೈಯದ್ದು.

ಈ ನಿಯಮ ನಾವು ಹುಟ್ಟುಹಾಕಿದ್ದಲ್ಲ ಬಿಡಿ. ಟ್ರಯಲ್ ರೂಮಲ್ಲಿ ಜಿಪ್ ಮೇಲೇರದಿದ್ರೆ ಯಾರೂ ಜಿಪ್ಪಿಗೆ ಬೈಯಲ್ಲ, ಹೊಟ್ಟೆ ಒಳಗೆಳ್ಕೋತಾರೆ.

ತೀರ್ಪುಗಾರರ ಕೈಯಲ್ಲಿರೋ ಟೇಪನ್ನ ಹತ್ತಿರದಿಂದ ನೋಡಿ. 23 ಆದ್ಮೇಲೆ ಸೀದಾ 31. ನಡುವಿನ ತುಂಡು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿದಿದೀವಿ. ಸೇರಿಸಿದ ಜಾಗದಲ್ಲಿ ಕಪ್ಪು ದಾರದ ಒಂದು ಗಂಟು ಕಾಣುತ್ತಲ್ಲ, ಅದೇ. ಅಂದ್ರೆ ಯಾರ ಸೊಂಟವೂ ಆ ‘ಆದರ್ಶ’ 24 ಇಂಚು ಆಗೋ ಹಾಗೇ ಇಲ್ಲ, ಆ ಅಂಕಿಯೇ ಟೇಪಿನಲ್ಲಿಲ್ಲ. ತೀರ್ಪುಗಾರರು ಒಬ್ಬೊಬ್ಬರನ್ನೇ ಅಳೆದು, ತುಟಿ ಕಚ್ಚಿ, ‘ಇನ್ನೂ ಸ್ವಲ್ಪ ಪ್ರಯತ್ನ ಪಡಬೇಕಮ್ಮ’ ಅಂತಾರೆ. ಜನ ಬಿದ್ದುಬಿದ್ದು ನಕ್ಕಿದ್ದು ಇಲ್ಲೇ.

ನಿಜವಾದ ಅಳತೆಯ ಕಥೆ ಇದಕ್ಕಿಂತ ವಿಚಿತ್ರ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ, ಹೌದು, ಕೃಷಿ ಇಲಾಖೆಯೇ, ಸುಮಾರು 15,000 ಹೆಂಗಸರ ಮೈ ಅಳೆಸ್ತು. ಒಬ್ಬೊಬ್ಬರದ್ದು 59 ಅಳತೆ. ರೆಡಿಮೇಡ್ ಬಟ್ಟೆಗೆ ಒಂದು ಗೊತ್ತಾದ ಸೈಜ್ ಇರಲಿ ಅಂತ. ಬಿಳಿಯರಲ್ಲದ ಹೆಂಗಸರನ್ನೂ ಅಳೆದ್ರು, ಆದ್ರೆ ಲೆಕ್ಕಕ್ಕೆ ಕೂತಾಗ ಅವರ ಅಂಕಿಗಳನ್ನ ಕೈಬಿಟ್ರು. ಇದರ ಆಧಾರದ ಮೇಲೆ 1958ರಲ್ಲಿ ಸೈಜಿನ ಮಾನದಂಡ ಬಂತು. 1983ರಲ್ಲಿ ಅದನ್ನೂ ಹಿಂದಕ್ಕೆ ತಗೊಂಡ್ರು. ಆಮೇಲೆ ಕಂಪನಿಗೊಂದು ಸೈಜ್. ಗಿರಾಕಿಗೆ ಖುಷಿಯಾಗಲಿ ಅಂತ ಬಟ್ಟೆ ದೊಡ್ಡದಾಗಿ ಹೊಲಿದು ಚಿಕ್ಕ ನಂಬರ್ ಅಂಟಿಸೋದೂ ಶುರುವಾಯ್ತು.

ಹೊಸ ಬಟ್ಟೆ ಅಂಗಡಿಯಲ್ಲಿ ಈ ಗುಟ್ಟು ಹೊರಗೆ ಬೀಳಲ್ಲ. ಹಳೇ ಬಟ್ಟೆ ರಾಶಿಗೆ ಕೈ ಹಾಕಿದ್ರೆ ಬೇರೆ ಬೇರೆ ದಶಕದ ಸುಳ್ಳುಗಳು ಒಟ್ಟಿಗೇ ಸಿಗ್ತವೆ. ಈ ಎರಡು ಕೋಟು ನೋಡಿ, ಎರಡರ ಕತ್ತಿನಲ್ಲೂ 12 ಅಂತಲೇ ಇದೆ. ಒಂದಕ್ಕೆ ಗುಂಡಿ ಹಾಕೋಕಾಗ್ತಿಲ್ಲ. ಇನ್ನೊಂದರೊಳಗೆ ಹಾಕ್ಕೊಂಡಿರೋಳ ಜೊತೆ ಅವಳ ತಂಗಿಯೂ ಹಿಡಿಸ್ತಾಳೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಈ ಬೂದು ಪ್ಯಾಂಟು. ಸೊಂಟಪಟ್ಟಿ ಒಳಗೆ ತಿರುಗಿಸಿದ್ರೆ ಸೂಜಿ ತೂತುಗಳ ಮೂರು ಸಾಲು. ಯಾರೋ ಒಮ್ಮೆ ಬಿಗಿ ಮಾಡಿಸಿದಾರೆ, ಆಮೇಲೆ ಬಿಡಿಸಿದಾರೆ, ಮತ್ತೆ ಬಿಡಿಸಿದಾರೆ. ಕೊನೆಯ ಸಾಲಿನ ಪಕ್ಕ ಬಟ್ಟೆಯ ಬಣ್ಣ ಮಾಸಿಲ್ಲ, ಅಷ್ಟು ದಿನ ಮಡಿಕೆಯೊಳಗೇ ಇತ್ತು. ಅವರ ಹೊಟ್ಟೆ ಬೆಳೆದಂತೆ ಬಟ್ಟೆ ಜಾಗ ಬಿಟ್ಟುಕೊಟ್ಟಿದೆ. ಶೋನಲ್ಲಿ ಇದನ್ನ ಒಳಮೈ ಹೊರಗೆ ಮಾಡಿ ಹಾಕ್ಸಿದ್ವಿ.

ತಾಲೀಮಿನಲ್ಲಿ ಜಗಳ ಆಗಿದ್ದು ದಿಂಬಿನ ವಿಷಯಕ್ಕೆ. ಹೊಟ್ಟೆಗೊಂದು ದಿಂಬು ಕಟ್ಟಿ ಬಿಗಿ ಫ್ರಾಕ್ ಹಾಕಿದ್ರೆ ನಗು ಗ್ಯಾರಂಟಿ ಅಂತ ನಮ್ಮ ಜೊತೆಗಾರನ ವಾದ. ನಗು ಬರುತ್ತೆ, ಸರಿ. ಆದ್ರೆ ಮುಂದಿನ ಸಾಲಲ್ಲಿ ನಿಜವಾಗಿಯೂ ಅಂಥ ಹೊಟ್ಟೆ ಇರೋರು ಕೂತಿದ್ರೆ, ಆ ನಗು ಯಾರ ಮೇಲೆ ಬೀಳುತ್ತೆ? 1996ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಜಪಾನಿನ ವಿನ್ಯಾಸಕಿ ರೇ ಕವಾಕುಬೊ ತಮ್ಮ ಫ್ಯಾಷನ್ ಕಂಪನಿ ಕಾಮ್ ದೆ ಗಾರ್ಸೋನ್‌ಗೆ ಮಾಡಿದ ಶೋ ನಾನು ನೆನಪಿಸಿದೆ. ಚೌಕುಳಿ ಬಟ್ಟೆಯ ಒಳಗೆ ಬೆನ್ನಿಗೆ, ಒಂದೇ ಭುಜಕ್ಕೆ, ಸೊಂಟದ ಒಂದೇ ಪಕ್ಕಕ್ಕೆ ಉಬ್ಬುಗಳು. ಗಡ್ಡೆ ಥರ ಇದೆ ಅಂತ ಕೆಲವರು ಮೂಗು ಮುರಿದ್ರು. ಆದ್ರೆ ಆ ಉಬ್ಬು ನೋಡಿ ‘ಇದು ನನ್ನನ್ನೇ ಆಡ್ಕೊಂಡಿದ್ದು’ ಅಂತ ಅನ್ನೋಕೆ ಯಾರಿಗೂ ಆಗಲ್ಲ.

ಹಾಗಾಗಿ ನಾವು ಹತ್ತಿ ತುಂಬಿದ್ದು ಮೊಣಕಾಲಿಗೆ. ನಿರೂಪಕಿ ಟಿವಿ ಜಾಹೀರಾತಿನ ದನಿಯಲ್ಲಿ ಹೇಳ್ತಾಳೆ: ‘ಈ ಸೀಸನ್ನಿನಲ್ಲಿ ಮೊಣಕಾಲು ತುಂಬಿಕೊಂಡಿರಬೇಕು. ನಿಮ್ಮದು ಚಪ್ಪಟೆಯೇ? ಬೇಜಾರು ಬೇಡ, ನಮ್ಮಲ್ಲಿ ಕ್ರೀಮ್ ಇದೆ.’ ಬಲಗಡೆ ಮೂಲೆಯಲ್ಲಿ ಹಸಿರು ಟಾಪ್ ಹಾಕಿರೋ ನಮ್ಮ ಗೆಳತಿ ಕಾಣ್ತಿದಾಳಾ? ಮೊದಲು ನಕ್ಕಳು. ಈಗ ನೋಡಿ, ಬಗ್ಗಿ ತನ್ನ ಮೊಣಕಾಲು ನೋಡ್ಕೋತಿದಾಳೆ. ಇಷ್ಟೇ ಸಾಕು ನೋಡಿ, ಎರಡು ನಿಮಿಷದ ಹಿಂದೆ ಇಲ್ಲದ ಒಂದು ಕೊರತೆ ಹುಟ್ಟಿಬಿಡ್ತು.

ನಗು ಯಾರ ಮೇಲೆ ಅನ್ನೋ ಪ್ರಶ್ನೆ ಹಳೇದು. 1968ರ ಸೆಪ್ಟೆಂಬರ್ 7ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆ ನಡೀವಾಗ ಹೊರಗಡೆ ಅದರ ವಿರುದ್ಧ ಪ್ರತಿಭಟನೆಗೆ ಬಂದ ಹೆಂಗಸರು ಒಂದು ಕುರಿಗೆ ಕಿರೀಟ ತೊಡಿಸಿದ್ರು. ಬ್ರಾ, ಹೈಹೀಲ್ಸ್, ಕೃತಕ ರೆಪ್ಪೆ, ಕೂದಲು ಸುರುಳಿ ಮಾಡೋ ಕರ್ಲರು, ಎಲ್ಲಾ ಕಸದ ತೊಟ್ಟಿಗೆ. ಆದ್ರೆ ಪ್ರತಿಭಟನೆಯಲ್ಲಿದ್ದ ಕ್ಯಾರೊಲ್ ಹ್ಯಾನಿಶ್ ಆ ವರ್ಷವೇ ತಮ್ಮವರ ಬಗ್ಗೆಯೇ ಕಟುವಾಗಿ ಬರೆದ್ರು: ಕೆಲವು ಫಲಕಗಳು ವ್ಯವಸ್ಥೆಯನ್ನ ಬಿಟ್ಟು, ಒಳಗೆ ನಿಂತ ಸ್ಪರ್ಧಿಗಳನ್ನೇ ಶತ್ರುಗಳನ್ನಾಗಿ ಮಾಡಿದ್ವು ಅಂತ. ನನಗೆ ಕುರಿಯ ಬಗ್ಗೆಯೂ ಅದೇ ಅನುಮಾನ. ಕುರಿ ಅಂದಿದ್ದು ಯಾರಿಗೆ, ಸ್ಪರ್ಧೆಗೋ ಆ ಹುಡುಗಿಗೋ? ಅದಕ್ಕೇ ನಾವು ಕಿರೀಟ ಕೊಟ್ಟಿದ್ದು ಹ್ಯಾಂಗರಿಗೆ. ಎರಡೂ ಭುಜ ಸಮ, ಸೊಂಟವೇ ಇಲ್ಲ, ಹಾಕಿದ ಬಟ್ಟೆಯಲ್ಲಿ ಸುಕ್ಕಿಲ್ಲ. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ಸೆಕೆಂಡ್ ಹ್ಯಾಂಡ್ ಬಟ್ಟೆ ಅಂದ್ಮೇಲೆ ಇನ್ನೊಂದು ಅಪಾಯ ಇದೆ. ಎಷ್ಟೋ ಜನಕ್ಕೆ ಅದು ವೇಷ ಅಲ್ಲ, ದಿನಾ ಉಡೋ ಬಟ್ಟೆ. 2000ದ ಜನವರಿಯಲ್ಲಿ ವಿನ್ಯಾಸಕ ಜಾನ್ ಗಲಿಯಾನೊ ಫ್ಯಾಷನ್ ಕಂಪನಿ ಡಿಯೋರ್‌ಗಾಗಿ ಪ್ಯಾರಿಸ್ಸಿನ ನಿರಾಶ್ರಿತರ ಚಿಂದಿ ಬಟ್ಟೆಯಿಂದ ಪ್ರೇರಣೆ ಪಡೆದ ದುಬಾರಿ ಉಡುಪು ತಂದಾಗ ಪ್ರತಿಭಟನೆ ಆಯ್ತು, ಆಗಬೇಕಾದ್ದೇ. ಅದಕ್ಕೂ ಮೊದಲು, 1910ರ ದಶಕದ ನ್ಯೂಯಾರ್ಕಿನಲ್ಲಿ, ಎಲ್ಸಾ ಫಾನ್ ಫ್ರೈಟಾಗ್-ಲೋರಿಂಗ್‌ಹೋವನ್ ಅನ್ನೋ ಕಲಾವಿದೆ ಟೊಮೆಟೊ ಡಬ್ಬಿಗಳ ಬ್ರಾ ಕಟ್ಕೊಂಡು, ಕರ್ಟನ್ನಿನ ರಿಂಗುಗಳನ್ನ ಬಳೆ ಥರ ಕೈಗೆ ಏರಿಸ್ಕೊಂಡು, ಕೆನ್ನೆಗೆ ಅಂಚೆಚೀಟಿ ಅಂಟಿಸ್ಕೊಂಡು ಓಡಾಡ್ತಿದ್ಲು. ಅವಳು ಇನ್ನೊಬ್ಬರ ಬಡತನ ಎರವಲು ತಂದಿರಲಿಲ್ಲ, ಅದು ಅವಳದ್ದೇ. ಈ ವ್ಯತ್ಯಾಸ ನನಗೆ ಮುಖ್ಯ. ನಮ್ಮ ಶೋನಲ್ಲಿ ಹರಿದದ್ದು, ಕೊಳಕಾದದ್ದು ಒಂದೂ ಇರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಉದುರಿದ ಗುಂಡಿ ಹಾಕ್ಸಿ ತಂದಿದ್ವಿ.

ಬಟ್ಟೆ ಹಾಳುಮಾಡದೆ ಇದೆಲ್ಲ ಹೇಗೆ ಮಾಡಿದ್ರಿ ಅಂತ ತುಂಬಾ ಜನ ಕೇಳ್ತಿದೀರಿ. ಹತ್ತಿಯನ್ನ ಮೊದಲು ಹಳೇ ಕಾಲುಚೀಲದೊಳಗೆ ತುಂಬಿ, ಆ ಚೀಲವನ್ನ ಅಸ್ತರಿಗೆ ಮಾತ್ರ ಕಚ್ಚಾ ಹೊಲಿಗೆ ಹಾಕಿ ಕೂರಿಸಿ. ಉದ್ದ ಉದ್ದ ಹೊಲಿಗೆ, ಬೇರೆ ಬಣ್ಣದ ದಾರ. ಆಗ ಬಿಚ್ಚುವಾಗ ಕಣ್ಣಿಗೆ ಬೇಗ ಸಿಗುತ್ತೆ, ಒಂದು ತುದಿ ಎಳೆದ್ರೆ ಪೂರ್ತಿ ಬರುತ್ತೆ. ಜಾರೋ ಬಟ್ಟೆಗೆ ಪಿನ್ ಹಾಕೋಕೆ ಹೋಗಬೇಡಿ, ತೂತು ಉಳಿಯುತ್ತೆ. ಮುಂದಿನ ವಿಡಿಯೋದಲ್ಲಿ ಮೊಣಕಾಲಿನ ಉಬ್ಬನ್ನ ಮೊದಲಿಂದ ಹೊಲಿದು ತೋರಿಸ್ತೀನಿ, ಸೂಜಿ ದಾರ ಇಟ್ಕೊಂಡು ಕೂತ್ಕೊಳ್ಳಿ.