ಪೈನ್ ಕ್ರೀಕ್ ಕಣಿವೆಯಲ್ಲಿ ಎರಡು ದಿನ

ಬೆಳಿಗ್ಗೆ ಏಳೂವರೆ ಗಂಟೆ. ಪರದೆ ಮೇಲೆ ಬರೀ ಬಿಳಿ ಕಾಣುತ್ತಿದೆಯಲ್ಲ, ಅದು ಮಂಜು. ರಾತ್ರಿಯೆಲ್ಲ ಬೆಟ್ಟದ ಮೇಲಿನ ತಣ್ಣನೆ ಗಾಳಿ ಜಾರಿ ಇಳಿದು ಕಣಿವೆಯ ತಳದಲ್ಲಿ ನಿಂತುಬಿಡುತ್ತದೆ. ಹೊಳೆಯ ತೇವವೂ ಅದಕ್ಕೆ ಸೇರಿದರೆ ಬೆಳಿಗ್ಗೆ ಹೀಗೆ ಇರುತ್ತದೆ. ಆ ಬಿಳಿಯ ಒಳಗಿಂದ ಬರುತ್ತಿರುವ ಸದ್ದು ಕೇಳಿಸಿಕೊಳ್ಳಿ. ಒಂದು ಕಡೆ ನೀರು. ಇನ್ನೊಂದು, ನನ್ನ ಟೈರಿನ ಕೆಳಗೆ ಸಣ್ಣ ಹರಳು ಅರೆಯುವ ಸದ್ದು. ಈ ಎರಡನೇ ಸದ್ದಿಗಾಗಿಯೇ ನಾನು ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ ದಾರಿಗೆ ಅಂತಲೇ ಮಾಡಿದ ಸೈಕಲ್, ತುಳಿಯುತ್ತೇನೆ ಅಂದರೂ ತಪ್ಪಿಲ್ಲ.

ಇದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರ ಭಾಗ. ಅಕ್ಟೋಬರ್ ತಿಂಗಳು. ಪೈನ್ ಕ್ರೀಕ್ ಅನ್ನುವ ಹೊಳೆ ಕೊರೆದ ಕಣಿವೆ. ಉದ್ದ ಸುಮಾರು 76 ಕಿಲೋಮೀಟರ್. ತುಂಬಾ ಆಳ ಇರುವ ಕಡೆ ಸುಮಾರು 440 ಮೀಟರ್. ಈ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ಅಂತ ಇದನ್ನು ಕರೆಯುತ್ತಾರೆ. ನನಗೆ ಆ ಹೆಸರು ಅಷ್ಟು ಹಿಡಿಸಲಿಲ್ಲ. ಅಸಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇರುವುದು ಬೋಳು ಕೆಂಪು ಬಂಡೆ. ಇಲ್ಲಿ ಎರಡೂ ಗೋಡೆಗೆ ಕಾಡು ಹೊದಿಸಿದ ಹಾಗಿದೆ. ಬೇರೆಯದೇ ಚೆಲುವು ಇದು.

ನಾನು ತುಳಿಯುತ್ತಿರುವ ದಾರಿ ಪೈನ್ ಕ್ರೀಕ್ ರೈಲ್ ಟ್ರೇಲ್. ಒಟ್ಟು ಸುಮಾರು 100 ಕಿಲೋಮೀಟರ್, ವೆಲ್ಸ್‌ಬರೋ ಪಕ್ಕದಿಂದ ಜರ್ಸಿ ಶೋರ್ ಊರಿನವರೆಗೆ. ಹೆಸರೇ ಹೇಳುವಂತೆ ಇದು ಹಳೆಯ ರೈಲು ಹಾದಿ. 1883ರಲ್ಲಿ ಇಲ್ಲಿ ರೈಲು ಶುರುವಾಯಿತು, 1988ರಲ್ಲಿ ಕೊನೆಯ ಗಾಡಿ ಹೋಯಿತು. ಹಳಿ ಕಿತ್ತು, ಪುಡಿ ಮಾಡಿದ ಸುಣ್ಣಕಲ್ಲು ಹಾಸಿದ್ದಾರೆ. ಈ ಪುಡಿಗೆ ಒಂದು ಗುಣ ಇದೆ. ಸ್ವಲ್ಪ ತೇವ ಆಗಿ ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಚಕ್ರ ಹೂತುಕೊಳ್ಳುವುದಿಲ್ಲ, ಸಲೀಸಾಗಿ ಉರುಳುತ್ತದೆ. ಜೋರು ಮಳೆ ಬಂದರೆ ಮಾತ್ರ ಬೂದು ಕೆಸರಾಗಿ ಚೈನಿಗೆ ಮೆತ್ತಿಕೊಳ್ಳುತ್ತದೆ.

ಇನ್ನು ಏರು. ಇಲ್ಲವೇ ಇಲ್ಲ ಅನ್ನಬಹುದು. ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಜಾರುತ್ತದೆ, ಭಾರದ ಗಾಡಿ ಕಡಿದಾದ ಏರು ಹತ್ತಲಾರದು. ಅದಕ್ಕೇ ರೈಲು ದಾರಿ ಮಾಡಿದವರು ಹೊಳೆಯ ಪಕ್ಕವೇ ಹೋದರು. ಬೆಟ್ಟ ಕಡಿಯುವ ಕಷ್ಟದ ಕೆಲಸವನ್ನು ನೀರು ಆಗಲೇ ಮಾಡಿ ಮುಗಿಸಿತ್ತು. ಇಲ್ಲಿ ಎಲ್ಲೂ ನೂರಕ್ಕೆ ಎರಡಕ್ಕಿಂತ ಜಾಸ್ತಿ ಏರಿಲ್ಲ. ಸೈಕಲ್ ಕಲಿತು ತಿಂಗಳಾದವರೂ ಬರಬಹುದು.

ಆದರೆ ನೀರು ಇಲ್ಲಿಗೆ ಬಂದ ಕಥೆ ಇನ್ನೂ ಸ್ವಾರಸ್ಯ. ಈ ಹೊಳೆ ಹಿಂದೆ ಈಶಾನ್ಯಕ್ಕೆ ಹರಿಯುತ್ತಿತ್ತಂತೆ. ಸುಮಾರು 20,000 ವರ್ಷದ ಹಿಂದೆ ಉತ್ತರದಿಂದ ಹಿಮದ ಹಾಳೆ ಬಂತು. ಅದು ತಳ್ಳಿಕೊಂಡು ಬಂದ ಕಲ್ಲು ಮಣ್ಣು ಅಡ್ಡಗಟ್ಟೆಯಾಗಿ ಕೂತಿತು. ಹಿಂದೆ ನಿಂತ ನೀರು ಕೆರೆಯಾಯಿತು, ತುಂಬಿ ದಕ್ಷಿಣದ ಕಡೆ ಉಕ್ಕಿತು, ಉಕ್ಕಿದ ಜಾಗವನ್ನೇ ಕೊರೆಯುತ್ತಾ ಹೋಯಿತು. ಹಿಮ ಕರಗಿದ ಮೇಲೂ ಹೊಳೆ ಹಳೆಯ ದಾರಿಗೆ ಮರಳಲಿಲ್ಲ. ನಾನು ಇವತ್ತು ತುಳಿಯುತ್ತಿರುವುದು ಆ ತಿರುಗಿದ ನೀರಿನ ಪಕ್ಕದಲ್ಲೇ.

ನಾನು ಹೊರಟಿದ್ದು ವೆಲ್ಸ್‌ಬರೋ ಹತ್ತಿರದ ಅನ್ಸೋನಿಯಾದಿಂದ. ಅಲ್ಲಿಂದ ಬ್ಲ್ಯಾಕ್‌ವೆಲ್ ಅನ್ನುವ ಪುಟ್ಟ ಊರಿನವರೆಗೆ ಸುಮಾರು 27 ಕಿಲೋಮೀಟರ್. ಇದೇ ಕಣಿವೆಯ ಅತಿ ಇಕ್ಕಟ್ಟಾದ ಭಾಗ. ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಳ್ಳಿ. ಕಣಿವೆ ಉತ್ತರ ದಕ್ಷಿಣವಾಗಿ ಇರುವುದರಿಂದ ಬಿಸಿಲು ತಳಕ್ಕೆ ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಮುಂದೆ ಹಿಂದೆ ಎರಡೂ ದೀಪ ಇಟ್ಟುಕೊಳ್ಳಿ, ಮಧ್ಯಾಹ್ನ ಹೊರಟರಂತೂ ಖಂಡಿತ.

ಹತ್ತು ಗಂಟೆ ಹೊತ್ತಿಗೆ ಮಂಜು ಎದ್ದಿತು. ಒಮ್ಮೆಲೇ ಅಲ್ಲ. ಮೊದಲು ನೀರು ಕಂಡಿತು, ಆಮೇಲೆ ಆಚೆ ದಡ, ಆಮೇಲೆ ಬಣ್ಣ. ಹಳದಿ, ಕಿತ್ತಳೆ, ತುಕ್ಕಿನ ಕೆಂಪು. ಮೇಪಲ್, ಓಕ್, ಬರ್ಚ್ ಮರಗಳು. ಅವುಗಳ ನಡುವೆ ಅಲ್ಲಲ್ಲಿ ಕಡು ಹಸಿರಾಗಿ ಹೆಮ್ಲಾಕ್ ಅನ್ನುವ ಸೂಜಿಯೆಲೆಯ ಮರ. ಈ ದೃಶ್ಯಕ್ಕೆ ನಾನು ಸಂಗೀತ ಹಾಕಿಲ್ಲ. ಒಂದು ನಿಮಿಷ ಸುಮ್ನೆ ನೋಡಿ.

ಮಧ್ಯಾಹ್ನ ಬ್ಲ್ಯಾಕ್‌ವೆಲ್ ತಲುಪಿ ಅದೇ ದಾರಿಯಲ್ಲಿ ಮರಳಿದೆ. ವಾಪಸು ಬರುವಾಗ ಹೊಳೆಗೆ ಎದುರಾಗಿ ಏರಬೇಕು, ಆದರೆ ಕಾಲಿಗೆ ಅದು ಗೊತ್ತೇ ಆಗಲಿಲ್ಲ. ಬಿಸಿಲು ಬಿದ್ದ ಮೇಲೆ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಬೆನ್ನಿಗೆ ಕೈ ಹಚ್ಚಿ ತಳ್ಳಿದ ಹಾಗಿತ್ತು.

ಈ ಕಾಡು ಆದಿಕಾಲದಿಂದ ಹೀಗೇ ನಿಂತಿದೆ ಅಂತ ಆ ಸಂಜೆವರೆಗೂ ನಾನು ನಂಬಿದ್ದೆ. ಹೀಗೆ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ? ರಾತ್ರಿ ಕೂತು ಕಣಿವೆಯ ಚರಿತ್ರೆ ಓದಿದೆ. 19ನೇ ಶತಮಾನದಲ್ಲಿ ಮೊದಲು ಬಿಳಿ ಪೈನ್ ಹೋಯಿತು, ಹಡಗಿನ ಪಟಗಂಬಕ್ಕೆ, ಮನೆಯ ತೊಲೆಗೆ. ದಿಮ್ಮಿಗಳನ್ನು ಇದೇ ಹೊಳೆಯಲ್ಲಿ ತೇಲಿಬಿಡುತ್ತಿದ್ದರು. ಆಮೇಲೆ ಹೆಮ್ಲಾಕ್. ಅದರ ತೊಗಟೆ ಚರ್ಮ ಹದ ಮಾಡಲು ಬೇಕಿತ್ತು. ಹೊಳೆಯಿಂದ ದೂರ ಇದ್ದ ಮರಕ್ಕೆ ರೈಲು ಬಂತು. 20ನೇ ಶತಮಾನದ ಶುರುವಿನ ಹೊತ್ತಿಗೆ ಈ ಗೋಡೆಗಳು ಬೋಳಾಗಿದ್ದವು. ಬಿಟ್ಟುಹೋದ ಕೊಂಬೆ ರೆಂಬೆಗೆ ಬೆಂಕಿ ಹಿಡಿಯಿತು, ಮಳೆ ಬಂದಾಗ ಮಣ್ಣು ಕೊಚ್ಚಿಹೋಯಿತು.

ಅಂದರೆ ನಾನು ಇಡೀ ದಿನ ಖುಷಿಯಿಂದ ತುಳಿದ ದಾರಿ ಇದೆಯಲ್ಲ, ಅದು ಇದೇ ಕಾಡನ್ನು ಹೊತ್ತುಕೊಂಡು ಹೋದ ದಾರಿ. ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಮರುದಿನ ಬರೀ ಸೈಕಲ್ ತುಳಿಯುವುದು ಸಾಲದು, ಮೇಲಿನಿಂದ ಇದನ್ನೆಲ್ಲ ಒಂದು ಸಲ ನೋಡಲೇಬೇಕು ಅನಿಸಿತು.

ಎರಡನೇ ದಿನ, ಪಶ್ಚಿಮದ ಅಂಚು. ಇಲ್ಲಿ ಆಟವೇ ಬೇರೆ. ನಿನ್ನೆ ನೀರು ಮಾಡಿಕೊಟ್ಟ ದಾರಿ, ಇವತ್ತು ಅದೇ ನೀರು ಕೊರೆದ ಗೋಡೆಯನ್ನು ಹತ್ತಬೇಕು. ಅತಿ ಸಣ್ಣ ಗೇರಿಗೆ ಹಾಕಿ, ಸೀಟಿನಿಂದ ಏಳದೆ ಹತ್ತಿದೆ. ಜಲ್ಲಿ ಏರಿನಲ್ಲಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಸುಮ್ನೆ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ.

ಮೇಲೆ ಟಯೋಗಾ ಸರ್ಕಾರಿ ಕಾಡಿನ ಜಲ್ಲಿ ರಸ್ತೆಗಳು. ಇಲ್ಲಿ ಕಲ್ಲು ದಪ್ಪ, ಸಡಿಲ. ನನ್ನದು 42 ಮಿಲಿಮೀಟರ್ ಟೈರ್. ಕೆಳಗೆ 40 ಪಿಎಸ್‌ಐ ಗಾಳಿ ಇತ್ತು, ಇಲ್ಲಿ 30ಕ್ಕೆ ಇಳಿಸಿದೆ. ಗಟ್ಟಿ ಟೈರ್ ವೇಗ ಕೊಡುತ್ತದೆ ಅನ್ನುವ ಮಾತು ನುಣುಪಾದ ಡಾಂಬರಿಗೆ ಸರಿ. ಜಲ್ಲಿ ಮೇಲೆ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ನಿಮ್ಮನ್ನೂ ಸೈಕಲನ್ನೂ ಸೇರಿಸಿ ಎತ್ತಿಹಾಕುತ್ತದೆ. ಆ ಎತ್ತುವ ಶಕ್ತಿ ನಿಮ್ಮ ಕಾಲಿನದೇ. ಮೆತ್ತನೆಯ ಟೈರ್ ಕಲ್ಲನ್ನು ನುಂಗಿ ಮುಂದೆ ಹೋಗುತ್ತದೆ. ಕೆಲವು ಕಡೆ ರಸ್ತೆ ಅಲೆ ಅಲೆಯಾಗಿತ್ತು. ವಾಹನದ ಚಕ್ರ ವೇಗದಲ್ಲಿ ಒಂದು ಸಣ್ಣ ದಿಬ್ಬಕ್ಕೆ ಪುಟಿದು, ಬಿದ್ದಲ್ಲಿ ಗುಂಡಿ ಮಾಡಿ, ಮತ್ತೆ ಪುಟಿದು ಹಾಗೆ ಆಗುತ್ತದೆ. ಅಲ್ಲಿ ರಸ್ತೆಯ ತೀರಾ ಅಂಚು ಹಿಡಿದರೆ ಕೈ ಸ್ವಲ್ಪ ಉಳಿಯುತ್ತದೆ.

ಈ ಭಾಗದಲ್ಲಿ ಕ್ಯಾಮೆರಾ ಒಮ್ಮೆಲೇ ಆಕಾಶ ನೋಡುತ್ತದೆ. ನಾನು ಬಿದ್ದೆ. ಇಳಿಜಾರಿನ ತಿರುವಿನಲ್ಲಿ ಒದ್ದೆ ಎಲೆ ಹರಡಿತ್ತು, ತಿರುವಿನ ಒಳಗೆ ಹೋದ ಮೇಲೆ ಮುಂದಿನ ಬ್ರೇಕ್ ಒತ್ತಿದೆ. ಮೊಣಕೈ ತರಚಿತು, ಅಷ್ಟೇ. ತಿರುವಿಗೆ ಮೊದಲೇ ವೇಗ ಇಳಿಸಬೇಕು, ಹೊರಗಿನ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಬೇಕು, ಕಣ್ಣು ತಿರುವಿನ ಆಚೆ ಇರಬೇಕು. ಎಲೆಯ ಕೆಳಗೆ ಏನಿದೆ ಅಂತ ಕಾಣದಿದ್ದರೆ ನಿಧಾನವಾಗಿ ಹೋಗಿ. ದಯವಿಟ್ಟು.

ಆಮೇಲೆ ಕೋಲ್ಟನ್ ಪಾಯಿಂಟ್. ಮರದ ವ್ಯಾಪಾರಿ ಹೆನ್ರಿ ಕೋಲ್ಟನ್ ಅನ್ನುವವರ ಹೆಸರು ಈ ಜಾಗಕ್ಕಿದೆ. ಇಲ್ಲಿನ ಮರ ಕಡಿಸಿದವರು ಅವರು. ಇಲ್ಲಿಯೇ 1930ರ ದಶಕದಲ್ಲಿ, ಕೆಲಸ ಇಲ್ಲದ ಕಾಲದಲ್ಲಿ, ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅನ್ನುವ ಸರ್ಕಾರಿ ಉದ್ಯೋಗ ಯೋಜನೆಯ ಹುಡುಗರು ಬಂದು ಕಲ್ಲು ಹೊತ್ತು ಈ ಉದ್ಯಾನ ಕಟ್ಟಿದರು. ಕಡಿದವರ ಹೆಸರು, ಕಟ್ಟಿದವರ ಕೆಲಸ ಒಂದೇ ಕಡೆ ಇವೆ.

ಕೆಳಗೆ ನೋಡಿ. ಬೆಳ್ಳಗೆ ಎಳೆದ ದಾರದ ಹಾಗೆ ಕಾಣುತ್ತಿದೆಯಲ್ಲ, ಅದು ನಿನ್ನೆಯ ದಾರಿ. ಅದರ ಎರಡೂ ಕಡೆಯ ಮರಗಳು ಸುಮಾರು ನೂರು ವರ್ಷದವು. ಹೆಚ್ಚಿನವು ತಾವಾಗಿಯೇ ಹುಟ್ಟಿ ಬೆಳೆದವು. ಈ ಹೊಳೆಯಿಂದ ಕಾಣೆಯಾಗಿದ್ದ ನೀರುನಾಯಿಗಳನ್ನು 1980ರ ದಶಕದಲ್ಲಿ ತಂದುಬಿಟ್ಟರು. ಬಿಳಿತಲೆಯ ಹದ್ದು ಮತ್ತೆ ಗೂಡು ಕಟ್ಟುತ್ತಿದೆ. ನನಗೆ ಎರಡು ದಿನವೂ ನೀರುನಾಯಿ ಕಾಣಲಿಲ್ಲ. ಹದ್ದು ಒಂದು ಸಲ, ತುಂಬಾ ದೂರದಲ್ಲಿ.

ಹೆಮ್ಲಾಕ್ ಮಾತ್ರ ಈಗಲೂ ಕಷ್ಟದಲ್ಲಿದೆ. ಏಷ್ಯಾದಿಂದ ಬಂದ ಒಂದು ಸಣ್ಣ ಕೀಟ ಅದರ ರಸ ಹೀರಿ ಕೊಲ್ಲುತ್ತದೆ. ಸೂಜಿಯೆಲೆಯ ಬುಡದಲ್ಲಿ ಹತ್ತಿಯ ಹಾಗೆ ಬಿಳಿ ಉಂಡೆಗಳಿದ್ದರೆ ಮರಕ್ಕೆ ಕೀಟ ಹತ್ತಿದೆ ಅಂತ ತಿಳಿಯಬೇಕು. ಅಂಚಿನ ಪಕ್ಕ ಒಂದು ಎಳೆಯ ಹೆಮ್ಲಾಕ್ ಇತ್ತು, ನನ್ನ ಎದೆಯ ಎತ್ತರದ್ದು. ಸೈಕಲ್ ಮಲಗಿಸಿ, ಬಗ್ಗಿ, ಒಂದು ಕೊಂಬೆ ಮೆಲ್ಲಗೆ ತಿರುಗಿಸಿ ನೋಡಿದೆ. ಚಪ್ಪಟೆ ಹಸಿರು ಸೂಜಿಗಳು, ಕೆಳಗೆ ಎರಡೆರಡು ಬಿಳಿ ಗೆರೆ, ಅದು ಹುಟ್ಟಿನಿಂದಲೇ ಇರುವ ಗುರುತು. ಹತ್ತಿ ಇರಲಿಲ್ಲ. ಪಕ್ಕದ ಕೊಂಬೆ ತಿರುಗಿಸಿದೆ. ಅಲ್ಲೂ ಇರಲಿಲ್ಲ. ಆಚೆ ಇನ್ನೊಂದು ಮರ ಇತ್ತು, ಅದರ ಹತ್ತಿರ ನಡೆದೆ.