ಕಾಗದ ಸಿದ್ಧವಾಗುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವವರಲ್ಲಿ ಆಶಾ ಕಾರ್ಯಕರ್ತೆಯರಿದ್ದೀರಿ, ಸ್ತ್ರೀಶಕ್ತಿ ಸಂಘದವರಿದ್ದೀರಿ, ಒಬ್ಬಿಬ್ಬರಾದರೂ ಪಂಚಾಯ್ತಿ ಸದಸ್ಯರಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಡಾಕ್ಟರುಗಳು ಯಾರಾದರೂ ಕಾರಿನಲ್ಲಿ ಕೇಳುತ್ತಿದ್ದರೆ ದಯವಿಟ್ಟು ಸ್ಟೇಷನ್ ಬದಲಾಯಿಸಬೇಡಿ. ಬೈಗುಳ ಇರುವುದು ನಿಮಗೇ.

ಹೊಸ ಔಷಧ, ಹೊಸ ಲಸಿಕೆ ಬರಬೇಕಾದರೆ ಒಂದಲ್ಲ ಒಂದು ದಿನ ಅದನ್ನು ಮನುಷ್ಯರಿಗೆ ಕೊಟ್ಟು ನೋಡಲೇಬೇಕು. ಬೇರೆ ದಾರಿಯಿಲ್ಲ. ನಾವು ಇವತ್ತು ನುಂಗುವ ಬಿಪಿ ಮಾತ್ರೆ, ಮಗುವಿಗೆ ಹಾಕಿಸುವ ಲಸಿಕೆ, ಇವನ್ನೆಲ್ಲ ನಮಗಿಂತ ಮುಂಚೆ ಯಾರೋ ತಗೊಂಡು ನೋಡಿದ್ದಾರೆ. ಹೀಗೆ ನೋಡುವುದನ್ನೇ ಕ್ಲಿನಿಕಲ್ ಟ್ರಯಲ್ ಅನ್ನುತ್ತೇವೆ. ಟ್ರಯಲ್ ಬೇಡ ಅನ್ನುವವಳು ನಾನಲ್ಲ. ನಾನು ಕೇಳುವುದು ಇಷ್ಟೇ. ಜನರ ಅಭಿಪ್ರಾಯ ಕೇಳುವುದು ಯಾವಾಗ?

ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ದೊಡ್ಡ ಊರಲ್ಲಿ ಕೂತು ಯೋಜನೆ ಬರೆಯುತ್ತಾರೆ. ಎಷ್ಟು ಜನ ಬೇಕು, ಎಷ್ಟು ಸಲ ರಕ್ತ ತೆಗೆಯಬೇಕು, ಎಷ್ಟು ತಿಂಗಳು, ಎಲ್ಲ ಅಲ್ಲೇ ತೀರ್ಮಾನ. ಹಣ ಮಂಜೂರಾಗುತ್ತದೆ. ಫಾರಂ ಅಚ್ಚಾಗುತ್ತದೆ. ಅದೆಲ್ಲ ಮುಗಿದ ಮೇಲೆ ಜೀಪು ನಿಮ್ಮೂರಿಗೆ ಬಂದು ನಿಲ್ಲುತ್ತದೆ. "ನಿಮ್ಮ ಅಭಿಪ್ರಾಯ ಏನಮ್ಮಾ?" ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯನ್ನು ಕರೆದು ಒಪ್ಪಿಗೆನಾ ಅಂತ ಕೇಳಿದ ಹಾಗೆ. ಅವಳು ಏನು ಹೇಳಬೇಕು?

ಅದಕ್ಕೇ ಹೇಳುವುದು, ಕಾಗದ ಸಿದ್ಧವಾಗುವ ಮುಂಚೆ ಕೇಳಿ. ಇವತ್ತು ಈ ಮಾತನ್ನು ಇನ್ನೂ ಕೆಲವು ಸಲ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಇದಕ್ಕೆ ಒಂದು ಕಥೆ ಇದೆ. ನಮ್ಮ ವಿದ್ಯಾರ್ಥಿಗಳಿಗೆ ನಾನು ಪ್ರತಿ ವರ್ಷ ಹೇಳುವ ಕಥೆ. ನಡೆದದ್ದು ಕಾಂಬೋಡಿಯಾದಲ್ಲಿ, 2004ರಲ್ಲಿ.

ಎಚ್‌ಐವಿ ಇರುವವರಿಗೆ ಟೆನೊಫೋವಿರ್ ಎಂಬ ಮಾತ್ರೆ ಕೊಡುತ್ತಾರೆ. ಎಚ್‌ಐವಿ ಇಲ್ಲದವರು ದಿನಕ್ಕೊಂದು ತಗೊಂಡರೆ ಸೋಂಕು ತಗಲುವುದೇ ತಪ್ಪಬಹುದಾ? ಆಗ ಇದು ಯಾರಿಗೂ ಗೊತ್ತಿರಲಿಲ್ಲ. ಒಳ್ಳೇ ಪ್ರಶ್ನೆ. ಆಸ್ಟ್ರೇಲಿಯಾ, ಅಮೆರಿಕದ ಸಂಶೋಧಕರು ಕಾಂಬೋಡಿಯಾ ಸರ್ಕಾರದ ಆರೋಗ್ಯ ಇಲಾಖೆಯ ಜೊತೆ ಸೇರಿಕೊಂಡರು. ದುಡ್ಡು ಅಮೆರಿಕದ ಸರ್ಕಾರದ್ದು ಮತ್ತು ಗೇಟ್ಸ್ ಪ್ರತಿಷ್ಠಾನದ್ದು. ರಾಜಧಾನಿ ನೋಮ್ ಪೆನ್‌ನಲ್ಲಿ 960 ಮಂದಿ ಲೈಂಗಿಕ ಕಾರ್ಯಕರ್ತೆಯರನ್ನು ಸೇರಿಸಿಕೊಳ್ಳುವುದು, ಅರ್ಧ ಜನಕ್ಕೆ ಔಷಧದ ಮಾತ್ರೆ, ಇನ್ನರ್ಧ ಜನಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಡುವುದು ಎಂದು ತೀರ್ಮಾನವಾಯಿತು. ಎಲ್ಲ ಬರೆದಾಯಿತು.

ಆ ಊರಿನ ಹೆಂಗಸರಿಗೆ ಆಗಲೇ ತಮ್ಮದೇ ಒಂದು ಸಂಘ ಇತ್ತು. ವಿಮೆನ್ಸ್ ನೆಟ್‌ವರ್ಕ್ ಫಾರ್ ಯೂನಿಟಿ ಅಂತ. ಸಾವಿರಾರು ಸದಸ್ಯರು. ಟ್ರಯಲ್‌ನವರು ಸರ್ಕಾರದ ಜೊತೆ ಮಾತಾಡಿದ್ದರು, ಆ ಸಂಸ್ಥೆ ಈ ಸಂಸ್ಥೆಯ ಜೊತೆ ಮಾತಾಡಿದ್ದರು. ಸಂಘದ ಹೆಂಗಸರ ಮುಂದೆ ವಿಷಯ ಬರುವಷ್ಟರಲ್ಲಿ ಕಾಗದ ಸಿದ್ಧ.

ಹೆಂಗಸರು ಏನು ಕೇಳಿದರು ನೋಡಿ. ಈ ಮಾತ್ರೆಯಿಂದ ಕಿಡ್ನಿಗೆ ತೊಂದರೆ ಆಗಬಹುದು ಅಂತೀರಿ. ಟ್ರಯಲ್ ನಡೆಯುವಾಗ ಆದರೆ ನೀವು ನೋಡಿಕೊಳ್ಳುತ್ತೀರಿ, ಸರಿ. ನೀವು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ ಆದರೆ? ಆಗ ನಮ್ಮನ್ನು ಯಾರು ನೋಡುತ್ತಾರೆ? ನಮಗೆ ದೀರ್ಘಕಾಲದ ಆರೋಗ್ಯ ವಿಮೆ ಮಾಡಿಸಿ ಅಂದರು. 30 ವರ್ಷದ್ದು ಬೇಕು ಅಂದರು.

30 ವರ್ಷ ಅಂದ ಕೂಡಲೇ ನಗುವ ಡಾಕ್ಟರುಗಳನ್ನು ನಾನು ನೋಡಿದ್ದೇನೆ. ಯಾವ ಟ್ರಯಲ್‌ನಲ್ಲೂ ಅಂಥ ವಿಮೆ ಕೊಡುವುದಿಲ್ಲ, ಕೇಳುವುದೇ ಅತಿಯಾಯಿತು ಅನ್ನುತ್ತಾರೆ. ಇರಲಿ ಸ್ವಾಮಿ, ಅದು ಬೇರೆ ಚರ್ಚೆ. ಆದರೆ ಯಾರು ಕೇಳುತ್ತಿದ್ದಾರೆ ಅಂತ ನೋಡಿ. ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಕೂತ್ಕೋ ಅಂತ ಹೇಳದ ಹೆಂಗಸು. ದಿನದ ದುಡಿಮೆ ನಿಂತರೆ ಮನೆಯಲ್ಲಿ ಒಲೆ ಹತ್ತದ ಹೆಂಗಸು. ಅವಳ ಕಿಡ್ನಿಯ ಬಗ್ಗೆ ಅವಳಲ್ಲದೆ ಇನ್ಯಾರು ಕೇಳಬೇಕು? ಮುಂಚೆಯೇ ಕರೆದು ಕೂರಿಸಿದ್ದರೆ 30 ವರ್ಷ ಆಗಲ್ಲಮ್ಮಾ, ಇಷ್ಟು ಆಗುತ್ತದೆ ಅಂತ ಚೌಕಾಸಿ ಮಾಡಬಹುದಿತ್ತು. ಕಾಗದ ಸಿದ್ಧವಾದ ಮೇಲೆ ಚೌಕಾಸಿಗೆ ಜಾಗವೇ ಇರಲಿಲ್ಲ.

2004ರ ಮಾರ್ಚ್‌ನಲ್ಲಿ ಸಂಘದವರು ಪತ್ರಕರ್ತರನ್ನು ಕರೆದು ನಾವು ಸೇರುವುದಿಲ್ಲ ಅಂದರು. ಜುಲೈನಲ್ಲಿ ಬ್ಯಾಂಕಾಕ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಪ್ರತಿಭಟನೆ ಆಯಿತು. ಪ್ರಪಂಚದ ಟಿವಿಗಳೆಲ್ಲ ಅಲ್ಲಿದ್ದವು. ಆಗಸ್ಟ್‌ನಲ್ಲಿ ಪ್ರಧಾನಿ ಹುನ್ ಸೆನ್ ಟ್ರಯಲ್ ನಿಲ್ಲಿಸಿಯೇಬಿಟ್ಟರು. ಒಬ್ಬಳೇ ಒಬ್ಬಳು ಒಂದೇ ಒಂದು ಮಾತ್ರೆ ನುಂಗುವ ಮುಂಚೆ ಎಲ್ಲ ಮುಗಿಯಿತು. ಮುಂದಿನ ವರ್ಷದ ಆರಂಭದಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲೂ ಇದೇ ಮಾತ್ರೆಯ ಟ್ರಯಲ್ ನಿಂತಿತು.

ಯಾರಿಗೆ ನಷ್ಟ? ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಆ ಮಾತ್ರೆ ಕೆಲಸ ಮಾಡುತ್ತದೆ! ಟೆನೊಫೋವಿರ್ ಜೊತೆ ಇನ್ನೊಂದು ಔಷಧ ಸೇರಿಸಿದ ಮಾತ್ರೆ ಸೋಂಕು ತಡೆಯುತ್ತದೆ ಎಂಬ ಮೊದಲ ದೊಡ್ಡ ಫಲಿತಾಂಶ 2010ರಲ್ಲಿ ಬಂತು. 2012ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಕಾಂಬೋಡಿಯಾದಲ್ಲಿ ಔಷಧದ್ದೇನೂ ತಪ್ಪಿರಲಿಲ್ಲ. ಕೇಳಿದ ಹೊತ್ತು ತಪ್ಪಾಗಿತ್ತು.

ಈ ಪೆಟ್ಟು ತಿಂದ ಮೇಲೆ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಯುಎನ್‌ಏಡ್ಸ್ ಮತ್ತು ಅವಾಕ್ ಎಂಬ ಸಂಸ್ಥೆ ಸೇರಿ 2007ರಲ್ಲಿ ಒಂದು ಮಾರ್ಗಸೂಚಿ ತಂದವು. 2011ರಲ್ಲಿ ಅದನ್ನು ತಿದ್ದಿ ಮತ್ತೆ ತಂದರು. ದಪ್ಪ ಪುಸ್ತಕ. ನೀವೇನೂ ಓದಬೇಕಾಗಿಲ್ಲ, ಸಾರ ನಾನೇ ಹೇಳುತ್ತೇನೆ. ಯೋಜನೆ ಬರೆಯುವಾಗಲೇ ಜನರನ್ನು ಕೂರಿಸಿಕೊಳ್ಳಿ, ಟ್ರಯಲ್ ಮುಗಿದ ಮೇಲೆ ಫಲಿತಾಂಶ ಏನಾಯಿತು ಅಂತ ಅವರಿಗೆ ಬಂದು ಹೇಳಿ. ಅಂದರೆ, ಕಾಗದ ಸಿದ್ಧವಾಗುವ ಮುಂಚೆ ಕೇಳಿ.

ಅದು ಯಾವುದೋ ದೂರದ ದೇಶದ ಕಥೆ ಅನ್ನಬೇಡಿ. ಪಕ್ಕದ ರಾಜ್ಯದ ಖಮ್ಮಂ ಜಿಲ್ಲೆಗೆ ಬನ್ನಿ. ಆಗ ಅದು ಆಂಧ್ರ, ಈಗ ತೆಲಂಗಾಣ. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ. ಅನೇಕರು ಹಾಸ್ಟೆಲಿನಲ್ಲಿ ಓದುವ ಬುಡಕಟ್ಟಿನ ಮಕ್ಕಳು. ಆಮೇಲೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ, ಪರಿಶೀಲಿಸಿದ 9,543ರಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್. ಅಪ್ಪ ಅಮ್ಮ ಅಲ್ಲ. ಖಮ್ಮಂ ಮತ್ತು ಗುಜರಾತಿನ ವಡೋದರ ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡಿದ್ದರು. ಹಾವು ಕಚ್ಚಿ, ನೀರಿಗೆ ಬಿದ್ದು, ವಿಷ ಕುಡಿದು, ಜ್ವರ ಬಂದು. ಲಸಿಕೆಯಿಂದ ಅಲ್ಲ ಅಂತ ತನಿಖೆ ಹೇಳಿತು. ಯಾರು ನಂಬುತ್ತಾರೆ? ಮಗಳಿಗೆ ಸೂಜಿ ಹಾಕುವಾಗ ಕೇಳದವರು ಮಗಳು ಸತ್ತ ಮೇಲೆ ಬಂದು ನಂಬಿ ಅಂದರೆ? 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆ ನಿಲ್ಲಿಸಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿಯೇ ಬರೆಯಿತು. ಒಳ್ಳೇ ಲಸಿಕೆ ಅದು, ಹೆಣ್ಣುಮಕ್ಕಳಿಗೆ ಹಾಕಿಸಿ ಅಂತ ನಾನು ಇವತ್ತೂ ಹೇಳುತ್ತೇನೆ. ಆದರೆ ಅದರ ಹೆಸರೆತ್ತಿದರೆ ಖಮ್ಮಂ ಅನ್ನುವವರು ಇವತ್ತೂ ಇದ್ದಾರೆ.

"ಹಳ್ಳಿ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಮೇಡಂ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ಊರಿನ ಅಂಗನವಾಡಿಯಲ್ಲಿ ಇಂಥದ್ದೇ ಸಭೆ. ರಕ್ತಹೀನತೆಯ ಅಧ್ಯಯನ. ಎದುರಿಗೆ ಚಾಪೆಯ ಮೇಲೆ ಹೆಂಗಸರು, ಗೋಡೆಗೆ ಒರಗಿ ಗಂಡಸರು. ಗಂಡಸರ ಪ್ರಶ್ನೆ ಬೇಗ ಮುಗಿಯಿತು, ದುಡ್ಡು ಎಷ್ಟು ಕೊಡುತ್ತೀರಿ ಅಂತ. ಎಲೆ ಅಡಿಕೆ ಹಾಕಿಕೊಂಡು ಹಿಂದೆ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, "ಒಂದು ಚಮಚ ರಕ್ತ ತಗೋತೀನಿ ಅಂತೀಯಲ್ಲವ್ವ, ಪರೀಕ್ಷೆ ಮಾಡಿ ಮಿಕ್ಕಿದ್ದನ್ನ ಏನು ಮಾಡ್ತೀರಾ?" ಕೇಳುಗರೇ, ಉಳಿದ ರಕ್ತ ಏನು ಮಾಡುತ್ತೀರಿ ಎಂಬುದು, ಟ್ರಯಲ್‌ಗೆ ಒಪ್ಪಿಗೆ ಕೊಡುವ ಮುಂಚೆ ಅದು ನ್ಯಾಯವಾಗಿದೆಯಾ ಅಂತ ಪರಿಶೀಲಿಸುವ ನೈತಿಕ ಸಮಿತಿಗಳಲ್ಲಿ ನಾವು ಗಂಟೆಗಟ್ಟಲೆ ಚರ್ಚೆ ಮಾಡುವ ಪ್ರಶ್ನೆ. ಅಜ್ಜಿ ಒಂದೇ ಉಸಿರಿಗೆ ಕೇಳಿದರು. ಪಕ್ಕದಲ್ಲಿದ್ದ ಸೊಸೆ, "ನೀವು ಬನ್ನಿ ಅಂದಿರೋ ವಾರ ರಾಗಿ ಕಟಾವು. ಅವತ್ತಿನ ಕೂಲಿ?" ಅಂದಳು. ತಂಡದ ಹುಡುಗ ಫಾರಂ ತಿರುವಿ ಹಾಕಿದ. ಅದರಲ್ಲಿ ರಾಗಿ ಕಟಾವೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಇರುವುದಾದರೂ ಹೇಗೆ? ಬರೆಯುವಾಗ ಈ ಸೊಸೆಯನ್ನು ಯಾರೂ ಕೇಳಿರಲಿಲ್ಲ.

ಅಯ್ಯೋ, ಗಡಿಯಾರ ಓಡುತ್ತಿದೆ. ಮೈಸೂರಿನ ಬಗ್ಗೆ ನಿಧಾನವಾಗಿ ಹೇಳಬೇಕು ಅಂದುಕೊಂಡು ಬಂದಿದ್ದೆ, ಕಾಂಬೋಡಿಯಾ ತಿಂದುಹಾಕಿತು. ಚುಟುಕಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ನಡೆಸುವ ಆಶೋದಯ ಸಮಿತಿ ಇದೆ. ಕಾಂಬೋಡಿಯಾದಲ್ಲಿ ನಿಂತುಹೋದ ಆ ಔಷಧವನ್ನೇ, ಇನ್ನೊಂದರ ಜೊತೆ ಸೇರಿಸಿ, 2016ರಿಂದ ಇಲ್ಲಿಯೂ ಕೋಲ್ಕತ್ತದಲ್ಲಿಯೂ ಕೊಟ್ಟು ನೋಡಿದರು. ಅಷ್ಟು ಹೊತ್ತಿಗೆ ಅದು ಕೆಲಸ ಮಾಡುತ್ತದೆ ಅಂತ ಗೊತ್ತಾಗಿತ್ತು, ನಮ್ಮ ಜನ ದಿನಾ ತಗೋತಾರಾ ಎಂಬುದೇ ಪ್ರಶ್ನೆ. ಆದರೆ ಇಲ್ಲಿ ಮಾತು ಮೊದಲು, ಮಾತ್ರೆ ಆಮೇಲೆ. ಡಬ್ಬಿ ನೋಡಿದವರು ನನಗೇ ಎಚ್‌ಐವಿ ಇದೆ ಅಂದುಕೊಂಡರೆ? ಇಂಥದ್ದನ್ನೆಲ್ಲ ಸಮುದಾಯದವರೇ ಕೂತು ಮುಂಚೆಯೇ ಮಾತಾಡಿಕೊಂಡರು. ಮನೆಮನೆಗೆ ಹೋಗಿ ವಿಚಾರಿಸಿದವರೂ ಅವರದೇ ಜನ. ಮೈಸೂರಿನ ಕಡೆ 600ಕ್ಕೂ ಹೆಚ್ಚು ಜನ ಸೇರಿದರು, ಹೆಚ್ಚೂಕಮ್ಮಿ ಎಲ್ಲರೂ ಕೊನೆಯವರೆಗೆ ಉಳಿದರು. ಒಬ್ಬರಿಗೂ ಸೋಂಕು ತಗಲಲಿಲ್ಲ. ಕಾಗದ ಸಿದ್ಧವಾಗುವ ಮುಂಚೆ ಕೇಳಿದರೆ ಹೀಗಾಗುತ್ತದೆ.

ಇನ್ನು ನಿಮ್ಮೂರಿಗೆ ಯಾರಾದರೂ ಬಂದರೆ ಏನು ಮಾಡಬೇಕು? ಬೇಗ ಬೇಗ ಹೇಳಿಬಿಡುತ್ತೇನೆ. ಪಂಚಾಯ್ತಿ ಅಧ್ಯಕ್ಷರು ಒಪ್ಪಿದರೆ ನೀವು ಒಪ್ಪಿದ ಹಾಗಲ್ಲ. ಗಂಡ ಒಪ್ಪಿದರೂ ಅಲ್ಲ. ಓದಲು ಬರದಿದ್ದರೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರಿಗೆ ಪೂರ್ತಿ ಓದಿ ಹೇಳಬೇಕು, ಆಮೇಲೇ ಹೆಬ್ಬೆಟ್ಟು. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಮಾಮೂಲಿ ಚಿಕಿತ್ಸೆಗೆ ಯಾರೂ ಕಲ್ಲು ಹಾಕುವಂತಿಲ್ಲ. ಔಷಧದ ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ, ಎರಡೂ 2019ರ ನಿಯಮದಲ್ಲಿವೆ. ಟ್ರಯಲ್ ಶುರುವಾಗುವ ಮುಂಚೆ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಕಾಲೇಜಿಗೆ ಹೋಗುವ ಮಗ ಮಗಳಿಗೆ ಹೇಳಿದರೆ ಮೊಬೈಲಿನಲ್ಲೇ ತೆಗೆದು ತೋರಿಸುತ್ತಾರೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಒಂದೇ ನಿಮಿಷ. ಫಾರಂನಲ್ಲಿ ನೈತಿಕ ಸಮಿತಿಯ ಫೋನ್ ನಂಬರ್ ಇರಬೇಕು. ಬಂದ ಡಾಕ್ಟರರದ್ದಲ್ಲ, ಸಮಿತಿಯದ್ದು. ಎಲ್ಲಿದೆ ತೋರಿಸಿ ಅನ್ನಿ. ಅವರ ಮುಂದೆಯೇ ಒಂದು ಸಲ ಫೋನ್ ಮಾಡಿ, ಯಾರಾದರೂ ಎತ್ತುತ್ತಾರಾ ನೋಡಿ. ಎತ್ತದಿದ್ದರೆ ಸಹಿ ನಾಳೆಗಿರಲಿ. ನಮಸ್ಕಾರ.